ಕಡಲಾಳಕ್ಕೆ ಸದ್ದು ಮುಟ್ಟುತ್ತದೆ, ಮಾತು?

ಹೊಳೆಯ ಪಕ್ಕ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಂಜನಗೂಡಿನಲ್ಲಿ ಕಪಿಲೆಗಿಳಿದು ಒಬ್ಬ ಮುಳುಗಿ ಎರಡು ಕಲ್ಲು ಬಡಿದರೆ, ಆಚೆ ಮುಳುಗಿರುವವನಿಗೆ ಅದು ಕಿವಿಯ ಪಕ್ಕದಲ್ಲೇ ಬಡಿದಂತೆ ಟಕ್ಕೆಂದು ಕೇಳುತ್ತದೆ. ಅದೇ ಹುಡುಗ ನೀರೊಳಗೆ ಬಾಯಿ ತೆರೆದು ಏನಾದರೂ ಕೂಗಿದರೆ ಬರುವುದು ಬರೀ ಗುಳುಗುಳು. ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಕಡಲು ನೋಡಬೇಕಾದರೆ ಘಟ್ಟ ಇಳಿದು ಹೋಗಬೇಕಾದ ತಗಡೂರಿನಂಥ ಊರಿನ ಹುಡುಗರಿಗೂ ತಿಳಿದಿರುವ ಈ ಸಂಗತಿ ಹಡಗು ಕಟ್ಟುವವರನ್ನು, ಯುದ್ಧ ಮಾಡುವವರನ್ನು, ಕಡಲಾಳ ಹುಡುಕುವವರನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಾಡುತ್ತಲೇ ಇದೆ.

ಈಚಿನ ಉದಾಹರಣೆ ನಮ್ಮ ದೇಶದ್ದೇ. 2025ರ ಜನವರಿ 27ರಿಂದ ಫೆಬ್ರುವರಿ 12ರವರೆಗೆ ಚೆನ್ನೈ ಬಳಿಯ ಕಾಟ್ಟುಪಳ್ಳಿ ಬಂದರಿನಲ್ಲಿ ‘ಮತ್ಸ್ಯ-6000’ ಎಂಬ ಮುಳುಗುನೌಕೆಯನ್ನು ನೀರಿಗಿಳಿಸಿ ಪರೀಕ್ಷಿಸಲಾಯಿತು. ಮೂವರನ್ನು ಹೊತ್ತು ಆರು ಸಾವಿರ ಮೀಟರ್ ಆಳಕ್ಕೆ ಇಳಿಯಬೇಕೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿದ ನೌಕೆ ಇದು. ತೇಲುವುದು, ಓಲಾಡದೆ ನಿಲ್ಲುವುದು, ಮುಂದಕ್ಕೂ ಹಿಂದಕ್ಕೂ ಚಲಿಸುವುದು, ಒಳಗಿನವರಿಗೆ ಉಸಿರಾಟದ ಗಾಳಿ ಒದಗಿಸುವುದು, ಎಲ್ಲವನ್ನೂ ನೋಡಿದ್ದಾಯಿತು. ಒಂದರ ವಿಷಯಕ್ಕೆ ಬಂದಾಗ ಮಾತ್ರ ಸರ್ಕಾರದ ಪ್ರಕಟಣೆಯ ದನಿ ತಗ್ಗಿತು. ನೀರೊಳಗಿನ ಧ್ವನಿ ಸಂಪರ್ಕ ಅಷ್ಟೊಂದು ಪರಿಣಾಮಕಾರಿಯಾಗಿರಲಿಲ್ಲ, ಪರೀಕ್ಷೆ ನಡೆದ ಜಾಗದಲ್ಲಿ ಆಳ ಸಾಲದ್ದು ಅದಕ್ಕೆ ಕಾರಣ, ಇನ್ನೂ ಆಳದ ನೀರಿನಲ್ಲಿ ಮತ್ತೆ ಪರೀಕ್ಷಿಸಬೇಕು ಎಂದು ಅದರಲ್ಲಿತ್ತು.

ಓದಿದವರಿಗೆ ವಿಚಿತ್ರ ಎನ್ನಿಸಿದರೆ ತಪ್ಪಿಲ್ಲ. ಹತ್ತಿರದಲ್ಲಿದ್ದಾಗ ಕೇಳಿಸದ ಮಾತು ಕಿಲೋಮೀಟರುಗಟ್ಟಲೆ ಆಳಕ್ಕೆ ಹೋದರೆ ಕೇಳಿಸೀತೆ? ಕೇಳಿಸೀತು ಎಂಬುದೇ ಉತ್ತರ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೇಡಿಯೋಗೆ ಬಾಗಿಲಿಲ್ಲ

ಗಾಳಿಯಲ್ಲಿ ಸಲೀಸಾಗಿ ಓಡುವ ರೇಡಿಯೋ ಅಲೆ ಉಪ್ಪುನೀರಿಗೆ ಬಿದ್ದೊಡನೆ ಸತ್ತುಹೋಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುವ ವಸ್ತುವಾದ್ದರಿಂದ ಅಲೆಯ ಶಕ್ತಿಯೆಲ್ಲ ಅದರಲ್ಲೇ ಇಂಗುತ್ತದೆ. ಅತಿ ಕಡಿಮೆ ಕಂಪನದ ರೇಡಿಯೋ ಅಲೆ ಮಾತ್ರ ಹತ್ತಿಪ್ಪತ್ತು ಮೀಟರ್ ಒಳಕ್ಕೆ ನುಸುಳೀತು. ಅದಕ್ಕೂ ಆಕಾಶ ಮುಟ್ಟುವಂಥ ಕಂಬಗಳು ಬೇಕು. ತಮಿಳುನಾಡಿನ ತಿರುನೆಲ್ವೇಲಿ ಬಳಿ 1990ರಲ್ಲಿ ನೌಕಾಪಡೆ ಶುರುಮಾಡಿದ ಐಎನ್‌ಎಸ್ ಕಟ್ಟಬೊಮ್ಮನ್ ಅಂಥದೇ ಕೇಂದ್ರ. ಅಲ್ಲಿಂದ ಜಲಾಂತರ್ಗಾಮಿಗೆ ಆಜ್ಞೆ ಕಳಿಸಬಹುದೇ ಹೊರತು, ಕೆಳಗಿರುವವರು ಅದೇ ದಾರಿಯಲ್ಲಿ ತಿರುಗಿ ಉತ್ತರ ಕೊಡುವಂತಿಲ್ಲ. ಬೆಳಕೂ ಬಹಳ ದೂರ ಹೋಗದು. ತಂತಿ ಕಟ್ಟಿ ಇಳಿಸಬಹುದು, ಮನುಷ್ಯರಿಲ್ಲದ ಯಂತ್ರಗಳನ್ನು ಹಾಗೆಯೇ ಇಳಿಸುತ್ತಾರೆ. ಆದರೆ ಒಳಗೆ ಜನರಿರುವ ನೌಕೆಗೆ ಆರು ಕಿಲೋಮೀಟರ್ ತಂತಿಯೆಂದರೆ ಎಲ್ಲಾದರೂ ಸಿಕ್ಕಿಕೊಳ್ಳಬಹುದಾದ ಹಗ್ಗ. ಕೊನೆಗೆ ಉಳಿಯುವುದು ಸದ್ದೊಂದೇ.

ಸದ್ದಿನ ಮಟ್ಟಿಗೆ ನೀರು ಗಾಳಿಗಿಂತ ಒಳ್ಳೆಯ ದಾರಿ. 1826ರಲ್ಲಿ ಸ್ವಿಟ್ಜರ್‌ಲೆಂಡಿನ ಕೊಲಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ಅದನ್ನು ಅಳೆದು ತೋರಿಸಿದರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಿಟ್ಟಿದ್ದರು. ಗಂಟೆ ಬಡಿದ ಕ್ಷಣಕ್ಕೇ ದೋಣಿಯ ಮೇಲೆ ಮದ್ದಿನ ಪುಡಿ ಭಗ್ಗೆಂದು ಹೊತ್ತುವ ಏರ್ಪಾಡು. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿ ಕತ್ತಲಲ್ಲಿ ಕುಳಿತವರು ನೀರಿಗೆ ತಗಡಿನ ಕೊಳವೆ ಇಳಿಬಿಟ್ಟು, ಬೆಳಕು ಕಂಡ ಎಷ್ಟು ಹೊತ್ತಿಗೆ ಸದ್ದು ಬಂತೆಂದು ಎಣಿಸಿದರು. ಬಂದ ಲೆಕ್ಕ ಸೆಕೆಂಡಿಗೆ 1,435 ಮೀಟರ್. ಗಾಳಿಯಲ್ಲಿ ಸದ್ದು ಓಡುವುದು 340 ಮೀಟರಿನ ಆಸುಪಾಸು. ಕಡಲ ನೀರಿನಲ್ಲಿ ಸರಾಸರಿ 1,500 ಮೀಟರ್ ಎಂದು ಇಟ್ಟುಕೊಳ್ಳಬಹುದು.

1901ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದನ್ನೇ ವ್ಯಾಪಾರ ಮಾಡಿಕೊಂಡ ಕಂಪೆನಿಯೊಂದು ಹುಟ್ಟಿತು. ಮಂಜು ಕವಿದಾಗ ದೀಪಸ್ತಂಭ ಕಾಣದ ಹಡಗುಗಳಿಗೆ ನೀರೊಳಗಿನ ಗಂಟೆ ಬಾರಿಸಿ ದಂಡೆ ಎಲ್ಲಿದೆ ಎಂದು ತಿಳಿಸುವುದು ಅದರ ಕೆಲಸ. ಆ ಕಂಪೆನಿ ಸೇರಿದ ರೆಜಿನಾಲ್ಡ್ ಫೆಸೆಂಡೆನ್ ಗಂಟೆಯನ್ನು ಬದಿಗಿಟ್ಟು ವಿದ್ಯುತ್ತಿನಿಂದ ಅದುರುವ ಲೋಹದ ತಟ್ಟೆಯನ್ನು ಮಾಡಿದ. ಟೈಟಾನಿಕ್ ಮುಳುಗಿ ಎರಡು ವರ್ಷವಾಗಿತ್ತು. 1914ರ ಏಪ್ರಿಲ್ 27ರಂದು ಈ ಯಂತ್ರ ಎರಡು ಮೈಲಿ ದೂರದ ಹಿಮಗುಡ್ಡದಿಂದ ಪ್ರತಿಧ್ವನಿ ಕೇಳಿಸಿತು. ಜನ ಅದನ್ನೇ ನೆನಪಿಟ್ಟುಕೊಂಡರು. ಆದರೆ ಅದೇ ತಟ್ಟೆಯಿಂದ ಟೆಲಿಗ್ರಾಂ ಕಚೇರಿಯ ಕಟ್ಟೆಕಡ ಭಾಷೆಯಲ್ಲಿ, ಅಂದರೆ ಮೋರ್ಸ್ ಸಂಕೇತದಲ್ಲಿ, ನೀರೊಳಗಿನಿಂದಲೇ ಸುದ್ದಿ ಕಳಿಸಬಹುದಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಜಲಾಂತರ್ಗಾಮಿಗಳು ಅದನ್ನು ಬಳಸಿದವು. ಟಕ್ ಟಕ್ ಎಂಬ ಸದ್ದನ್ನು ಕಡಲು ಒಪ್ಪಿಕೊಂಡಿತು. ಮನುಷ್ಯನ ಮಾತು ಅಷ್ಟು ಸುಲಭಕ್ಕೆ ಸಾಗಲಿಲ್ಲ.

ಬಿಸಿಲುಗುದುರೆ ಮತ್ತು ಗೋಳಗುಮ್ಮಟ

ಯಾಕೆ ಸಾಗದು? ಕಡಲು ಸದ್ದಿಗೆ ಮೂರು ಕಾಟ ಕೊಡುತ್ತದೆ.

ಮೊದಲನೆಯದು ಬಾಗಿಸುವ ಕಾಟ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವ ಬಿಸಿಲುಗುದುರೆಯನ್ನು ಎಲ್ಲರೂ ಕಂಡಿದ್ದಾರೆ. ಕೆಳಗಿನ ಗಾಳಿ ಬಿಸಿ, ಮೇಲಿನದು ತಂಪು, ನಡುವೆ ಬೆಳಕು ಬಾಗುತ್ತದೆ. ಕಡಲಲ್ಲಿ ಸದ್ದಿನ ಪಾಡೂ ಹೀಗೆಯೇ. ನೀರು ಒಂದು ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ ಮೂರು ಮೀಟರಿನಷ್ಟು ಹೆಚ್ಚುತ್ತದೆ. ಮೇಲೆ ಬಿಸಿನೀರು, ಕೆಳಗೆ ತಣ್ಣೀರು ಇದ್ದಾಗ ಅಡ್ಡಡ್ಡ ಕಳಿಸಿದ ಸದ್ದು ನೇರ ಹೋಗದೆ ಕೆಳಕ್ಕೆ ಬಾಗಿ ಇಳಿದುಬಿಡುತ್ತದೆ. ಆಚೆ ಕಡೆ ಸದ್ದೇ ತಲುಪದ ‘ನೆರಳು’ ಉಳಿಯುತ್ತದೆ. ಆ ನೆರಳಲ್ಲಿ ಇಡೀ ಜಲಾಂತರ್ಗಾಮಿ ಅಡಗಿ ಕೂರಬಹುದು.

1930ರ ದಶಕದಲ್ಲಿ ಅಮೆರಿಕದ ನೌಕಾಪಡೆಗೆ ಇದು ತಮಾಷೆಯ ಒಗಟಾಗಿತ್ತು. ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡುವ ಸೋನಾರ್ ಯಂತ್ರ ಮಧ್ಯಾಹ್ನದ ಮೇಲೆ ಮಂಕಾಗುತ್ತಿತ್ತು. ಯಂತ್ರದ ಮುಂದೆ ಕೂತವರು ಊಟ ಮಾಡಿ ತೂಕಡಿಸುತ್ತಿರಬೇಕು ಎಂದು ಮೇಲಿನವರಿಗೆ ಗುಮಾನಿಯಂತೆ! ಆಮೇಲೆ ನೀರಿನ ಉಷ್ಣತೆಯನ್ನು ಆಳಕ್ಕೆ ತಕ್ಕಂತೆ ಗುರುತು ಹಾಕಿಕೊಳ್ಳುವ ಉಪಕರಣ ಬಂತು. ಬಿಸಿಲಿಗೆ ಮೇಲಿನ ನೀರು ಕಾದು ಸದ್ದು ಕೆಳಕ್ಕೆ ಬಾಗುತ್ತಿದೆ ಎಂಬುದು ಗೊತ್ತಾಯಿತು. ತಪ್ಪು ಕೆಳಗಿನ ನೌಕರರದಲ್ಲ, ಸೂರ್ಯನದು.

ಎರಡನೆಯದು ಪ್ರತಿಧ್ವನಿ. ವಿಜಯಪುರದ ಗೋಳಗುಮ್ಮಟದ ಮೊಗಸಾಲೆ ಹತ್ತಿದವರಿಗೆ ಇದನ್ನು ವಿವರಿಸುವುದೇ ಬೇಡ. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಹಲವು ಸಲ ಕೇಳಿಸುತ್ತದೆ, ಖುಷಿಯಾಗುತ್ತದೆ. ಅದೇ ಗುಮ್ಮಟದ ಆಚೆ ಬದಿಯವನಿಗೆ ಒಂದು ವಿಳಾಸ ಕೂಗಿ ಹೇಳಲು ನೋಡಿ. ಮೊದಲ ಮಾತಿನ ಬಾಲ ಮುಗಿಯುವ ಮೊದಲೇ ಎರಡನೆಯ ಮಾತು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಕಡಲಿನ ಮೇಲ್ಮೈ ಸದ್ದಿನ ಪಾಲಿಗೆ ಕನ್ನಡಿ, ತಳ ಇನ್ನೊಂದು ಗೋಡೆ. ನೀರು ಆಳವಿಲ್ಲದಷ್ಟೂ ಈ ಎರಡು ಗೋಡೆಗಳು ಹತ್ತಿರ. ಅವುಗಳ ನಡುವೆ ಸದ್ದು ಪುಟಿಪುಟಿದು, ಹತ್ತಾರು ದಾರಿಯಲ್ಲಿ, ಒಂದರ ಹಿಂದೊಂದು ಬಂದು ಮುಟ್ಟುತ್ತದೆ. ಬಂದರಿನಲ್ಲಾದರೆ ಪಕ್ಕದಲ್ಲಿ ಕಾಂಕ್ರೀಟ್ ಕಟ್ಟೆಯೂ ಉಂಟು. ಬಂದರಿನ ಪರೀಕ್ಷೆಗೆ ಆಳ ಅಡ್ಡಬಂದದ್ದು ಇದರಿಂದ. ನಡುಗಡಲಲ್ಲಿ ನೌಕೆ ನೇರ ಕೆಳಗೆ, ಹಡಗು ನೇರ ಮೇಲೆ ಇದ್ದರೆ ಸದ್ದು ಸಾಗುವುದು ಬಾವಿಯಲ್ಲಿ ಹಗ್ಗ ಇಳಿದಂತೆ. ದಾರಿ ಉದ್ದವಾದರೂ ಅಕ್ಕಪಕ್ಕ ಗೋಡೆಯಿಲ್ಲ, ನೀರಿನ ಪದರಗಳನ್ನು ನೇರವಾಗಿ ಸೀಳಿ ಹೋಗುವುದರಿಂದ ಬಾಗುವಿಕೆಯೂ ಕಡಿಮೆ.

ಮೂರನೆಯದು ಚಲನೆ. ನಂಜನಗೂಡು ರೈಲು ಸಿಳ್ಳೆ ಹಾಕುತ್ತ ಬರುವಾಗ ದನಿ ಕೀರಲು, ದಾಟಿ ಹೋದೊಡನೆ ಗಡಸು. ರೇಡಿಯೋದ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಇರುವುದರಿಂದ ರೈಲು, ವಿಮಾನಗಳ ಓಟ ಅದರ ಮುಂದೆ ಲೆಕ್ಕಕ್ಕಿಲ್ಲ. ನೀರಲ್ಲಿ ಸದ್ದು ಓಡುವುದು ಒಂದೂವರೆ ಕಿಲೋಮೀಟರ್ ಮಾತ್ರ. ಹಡಗು ಅಲೆಯ ಮೇಲೆ ಎದ್ದು ಬೀಳುವುದೂ, ಮುಳುಗುನೌಕೆ ಮೆಲ್ಲಗೆ ಇಳಿಯುವುದೂ ದನಿಯ ಶ್ರುತಿಯನ್ನು ಕೆಡಿಸಲು ಸಾಕು.

ಇಷ್ಟರ ಮೇಲೆ ನೀರು ಸದ್ದನ್ನು ನುಂಗುತ್ತದೆ. ಕಂಪನ ಹೆಚ್ಚಿದಷ್ಟೂ ನುಂಗುವುದು ಹೆಚ್ಚು. ಹತ್ತು ಕಿಲೋಹರ್ಟ್ಸ್ ಸದ್ದು ಕಿಲೋಮೀಟರಿಗೆ ಸುಮಾರು ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಂಡರೆ, ನೂರು ಕಿಲೋಹರ್ಟ್ಸ್ ಸದ್ದು ಅಷ್ಟೇ ದೂರದಲ್ಲಿ ಸಾವಿರದಲ್ಲೊಂದು ಪಾಲೂ ಉಳಿಯುವುದಿಲ್ಲ. ಹಾಗಾಗಿ ದೂರ ಮುಟ್ಟಬೇಕಾದರೆ ತಗ್ಗಿನ ದನಿಯೇ ಗತಿ. ತಗ್ಗಿನ ದನಿಯಲ್ಲಿ ಹೆಚ್ಚು ಸುದ್ದಿ ತುಂಬಲು ಜಾಗವಿಲ್ಲ. ಅಂಗೈಯ ಫೋನಿನಲ್ಲಿ ಸಿನಿಮಾ ನೋಡುವ ಕಾಲದಲ್ಲಿ ಕಡಲಾಳಕ್ಕೆ ಟೆಲಿಗ್ರಾಂ ಯುಗವೇ ಮುಂದುವರಿದಂತಿದ್ದರೆ ಅದಕ್ಕೆ ಕಾರಣ ಸೋಮಾರಿತನವಲ್ಲ.

ಕಡಲ ಟೆಲಿಫೋನು

ಎರಡನೇ ಮಹಾಯುದ್ಧದ ಕೊನೆಗೆ, 1945ರ ಸುಮಾರಿಗೆ, ಅಮೆರಿಕದ ನೌಕಾಪಡೆ ನೀರೊಳಗಿನ ಟೆಲಿಫೋನನ್ನು ಮಾಡಿತು. ಕೆಲಸದ ಬಗೆ ರೇಡಿಯೋದಂತೆಯೇ. ಮಾತನ್ನು ಎಂಟು ಕಿಲೋಹರ್ಟ್ಸ್ ಆಸುಪಾಸಿನ ಸದ್ದಿನ ಮೇಲೆ ಹೊರಿಸಿ ನೀರಿಗೆ ಬಿಡುವುದು, ಆಚೆ ಕಡೆ ಅದನ್ನು ಇಳಿಸಿಕೊಂಡು ಕೇಳುವುದು. ಇಂದಿಗೂ ಹಲವು ದೇಶಗಳ ನೌಕಾಪಡೆಗಳು ಈ ಪದ್ಧತಿಯನ್ನು ಕೈಬಿಟ್ಟಿಲ್ಲ. ಹಳೆಯದು, ಗರಗರ ಎನ್ನುವುದು, ಆದರೆ ಎಲ್ಲರ ಬಳಿಯೂ ಇರುವುದು.

ಅದರ ಹಿರಿಮೆ ಕಂಡದ್ದು 1960ರ ಜನವರಿ 23ರಂದು. ‘ಟ್ರಿಯೆಸ್ಟ್’ ಎಂಬ ನೌಕೆಯಲ್ಲಿ ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಶಾಂತಸಾಗರದ ಅತಿ ಆಳದ ತಳ, ಸುಮಾರು 10,900 ಮೀಟರ್, ಮುಟ್ಟಿದರು. ಅಲ್ಲಿಂದ ಆಡಿದ ಮಾತು ಮೇಲಿನ ಹಡಗಿಗೆ ಬರಲು ಏಳು ಸೆಕೆಂಡು ಹಿಡಿಯಿತು. ಕೇಳಿ ಉತ್ತರಿಸಿದರೆ ಇನ್ನೇಳು ಸೆಕೆಂಡು. ಮಾತು ತಡವಾದರೂ ಮುಟ್ಟಿತು, ಯಾಕೆಂದರೆ ದಾರಿ ನೆಟ್ಟಗಿತ್ತು.

ಅದರ ಕೊರತೆ ಕಂಡದ್ದು ಮೂರು ವರ್ಷದ ಮೇಲೆ. 1963ರ ಏಪ್ರಿಲ್ 10ರ ಬೆಳಿಗ್ಗೆ ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ ‘ಥ್ರೆಷರ್’ ಆಳದ ಪರೀಕ್ಷೆಗೆ ಇಳಿಯಿತು. ಮೇಲೆ ‘ಸ್ಕೈಲಾರ್ಕ್’ ಎಂಬ ರಕ್ಷಣಾ ಹಡಗು ಟೆಲಿಫೋನು ಹಿಡಿದು ಕಾದಿತ್ತು. ಒಂಬತ್ತೂ ಕಾಲರ ಹೊತ್ತಿಗೆ ಕೆಳಗಿನಿಂದ ಬಂದ ಮಾತಿನ ಸಾರ ಇಷ್ಟು: ಸಣ್ಣ ತೊಂದರೆಯಾಗಿದೆ, ಮೂತಿ ಮೇಲಕ್ಕೆತ್ತಿದೆ, ತೊಟ್ಟಿಗಳ ನೀರು ಹೊರಗೆ ಊದಲು ನೋಡುತ್ತಿದ್ದೇವೆ. ಹಡಗಿನವರು ನೌಕೆ ನಿಮ್ಮ ಹತೋಟಿಯಲ್ಲಿದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಬಂದದ್ದು ಕಲಸಿದ ಕೆಲವು ಸದ್ದು. ಒಂದೆರಡು ಪದ ಬಿಟ್ಟರೆ ಏನೂ ತಿಳಿಯುವಂತಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ನೀರಿನ ಒತ್ತಡಕ್ಕೆ ನೌಕೆ ನುಚ್ಚುನೂರಾಯಿತು. ಸತ್ತವರು 129 ಮಂದಿ. ಹಡಗಿನವರಿಗೆ ಅದು ತಕ್ಷಣ ಗೊತ್ತೂ ಆಗಲಿಲ್ಲ. ಟೆಲಿಫೋನು ಕೆಟ್ಟಿರಬಹುದೆ, ನೌಕೆ ಸದ್ದಿನ ನೆರಳಿಗೆ ಜಾರಿರಬಹುದೆ ಎಂದು ಕರೆಯುತ್ತಲೇ ಇದ್ದರು.

ಟೆಲಿಫೋನು ಚೆನ್ನಾಗಿದ್ದರೆ ಥ್ರೆಷರ್ ಉಳಿಯುತ್ತಿತ್ತೆಂದಲ್ಲ. ಆದರೆ ಅಂದು ಒಂದು ಮಾತು ಮನದಟ್ಟಾಯಿತು. ಭೂಮಿಯ ಮೇಲೆ ಫೋನು ಸುಮ್ಮನಾದರೆ ಫೋನು ಕೆಟ್ಟಿದೆ ಎಂದುಕೊಳ್ಳುತ್ತೇವೆ. ನೀರಿನಲ್ಲಿ ಮೌನ ಬಂದರೆ ಅದರ ಅರ್ಥ ಏನೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಯಂತ್ರ ಎಷ್ಟು ಚೆನ್ನಾಗಿ ಮಾತನಾಡುತ್ತದೆ ಎಂಬುದು ಅರ್ಧ ಪ್ರಶ್ನೆ. ಅದು ಮಾತು ನಿಲ್ಲಿಸಿದಾಗ ಮೇಲಿನವರು ಏನು ಮಾಡಬೇಕು ಎಂಬುದು ಉಳಿದರ್ಧ.

ದೀವ್‌ನಿಂದ ಜಾಲಹಳ್ಳಿಗೆ

ಭಾರತದ ಕಥೆ ಶುರುವಾಗುವುದೂ ಒಂದು ಸಾವಿನಿಂದಲೇ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪದ ಅರಬ್ಬೀ ಸಮುದ್ರದಲ್ಲಿ ‘ಐಎನ್‌ಎಸ್ ಖುಕ್ರಿ’ಯನ್ನು ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ಟಾರ್ಪೆಡೋ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ. ಖುಕ್ರಿ ಹೊರಟಿದ್ದು ಜಲಾಂತರ್ಗಾಮಿಯನ್ನು ಹುಡುಕಲೆಂದೇ. ಅದರ ಸೋನಾರ್ ಬ್ರಿಟನ್ನಿನ ಮಾದರಿಯದು. ಅದರ ಕೇಳುವ ದೂರವನ್ನು ಹೆಚ್ಚಿಸುವ ಪ್ರಯೋಗವೊಂದು ಹಡಗಿನಲ್ಲಿ ನಡೆಯುತ್ತಿತ್ತು, ಅದಕ್ಕಾಗಿ ವೇಗ ತಗ್ಗಿಸಿ ಸಾಗುತ್ತಿತ್ತು. ಕೇಳಬೇಕಾದವನಿಗೆ ಕೇಳಿಸಲಿಲ್ಲ, ಅಡಗಿದ್ದವನಿಗೆ ಕೇಳಿಸಿತು.

ಬಿಸಿಯಾದ ನಮ್ಮ ಕಡಲು ಉತ್ತರ ಅಟ್ಲಾಂಟಿಕ್ ಅಲ್ಲ ಎಂಬುದು ನೌಕಾಪಡೆಗೆ ಮೊದಲೂ ಗೊತ್ತಿತ್ತು. 1952ರಲ್ಲೇ ಕೊಚ್ಚಿಯಲ್ಲಿ ಅದಕ್ಕೆಂದು ಒಂದು ಪ್ರಯೋಗಾಲಯ ಹುಟ್ಟಿತ್ತು. ಅದೇ ಈಗಿನ ನೌಕಾ ಭೌತಿಕ ಮತ್ತು ಸಾಗರವಿಜ್ಞಾನ ಪ್ರಯೋಗಾಲಯ. ಯುದ್ಧದ ನಂತರ ಅದರ ಕೆಲಸಕ್ಕೆ ಬಿರುಸು ಬಂತು. ನೌಕಾಪಡೆಯ ಎಂಜಿನಿಯರ್ ಆರೋಗ್ಯಸ್ವಾಮಿ ಪೌಲ್‌ರಾಜ್, ಮೊದಲು ಬ್ರಿಟಿಷ್ ಸೋನಾರನ್ನೇ ತಿದ್ದಿ ತೋರಿಸಿ, ಆಮೇಲೆ ಪೂರ್ತಿ ಸ್ವದೇಶಿಯಾದ ‘ಅಪ್ಸೋ’ ಸೋನಾರಿನ ಮುಂದಾಳಾದರು. 1980ರ ದಶಕದ ಆರಂಭದಲ್ಲಿ ‘ಐಎನ್‌ಎಸ್ ಹಿಮಗಿರಿ’ಯ ಮೇಲೆ ಅದರ ಪರೀಕ್ಷೆ ನಡೆಯಿತು.

ಕನ್ನಡಿಗರೊಬ್ಬರು ಬರುವುದು ಇಲ್ಲಿಯೇ. 1939ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಾಸುದೇವ ಕಲ್ಕುಂಟೆ ಆತ್ರೆ, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಓದಿ ಕೆನಡಾಕ್ಕೆ ಹೋದವರು. ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಹ್ಯಾಲಿಫ್ಯಾಕ್ಸ್‌ನಲ್ಲಿ ಹನ್ನೆರಡು ವರ್ಷ ಪಾಠ ಹೇಳಿದರು. ಸಂಕೇತ ಸಂಸ್ಕರಣೆ, ಅಂದರೆ ಗದ್ದಲದ ನಡುವಿನಿಂದ ಬೇಕಾದ ಸದ್ದನ್ನು ಜರಡಿ ಹಿಡಿದು ತೆಗೆಯುವ ವಿದ್ಯೆ, ಅವರದು. ಸುಖವಾಗಿದ್ದ ಆ ಕೆಲಸ ಬಿಟ್ಟು 1980ರಲ್ಲಿ ಕೊಚ್ಚಿಯ ಪ್ರಯೋಗಾಲಯ ಸೇರಿ, 1984ರಲ್ಲಿ ಅದರ ನಿರ್ದೇಶಕರಾದರು. ಜಲಾಂತರ್ಗಾಮಿಗಾಗಿ ‘ಪಂಚೇಂದ್ರಿಯ’, ಹೆಲಿಕಾಪ್ಟರಿನಿಂದ ನೀರಿಗಿಳಿಸಲು ‘ಮಿಹಿರ್’, ಹಡಗುಗಳಿಗೆ ‘ಹಂವಾದ್’ ಎಂದು ಸೋನಾರುಗಳ ಒಂದು ಮನೆತನವೇ ಆ ಅವಧಿಯಲ್ಲಿ ಬೆಳೆಯಿತು. ಆತ್ರೆ ಮುಂದೆ ದೇಶದ ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾದರು, 2016ರಲ್ಲಿ ಪದ್ಮವಿಭೂಷಣ ಪಡೆದರು. ರಾಕೆಟ್ಟು, ಕ್ಷಿಪಣಿ ಮಾಡಿದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಕಿವಿ ಮಾಡಿಕೊಟ್ಟವರ ಹೆಸರು ಅವರ ಊರಿನಲ್ಲೇ ಅಷ್ಟಾಗಿ ಕೇಳಿಬರುವುದಿಲ್ಲ. ಬಾಣದಂತೆ ಮೇಲೆ ಹಾರುವುದು ಕಣ್ಣಿಗೆ ಕಾಣುತ್ತದೆ, ನೀರಿನಲ್ಲಿ ಕೇಳುವುದು ಕಾಣುವುದಿಲ್ಲ.

ಕೊಚ್ಚಿಯಲ್ಲಿ ರೂಪುಗೊಂಡ ಯಂತ್ರಗಳನ್ನು ಕಟ್ಟಿದ್ದು ಬೆಂಗಳೂರಿನ ಬಿಇಎಲ್. ಕಡಲಿನಿಂದ ಒಂಬೈನೂರು ಮೀಟರ್ ಎತ್ತರದಲ್ಲಿ, ಜಾಲಹಳ್ಳಿಯ ಕಾರ್ಖಾನೆಯಲ್ಲಿ, ಕಡಲಿಗೆ ಕಿವಿ ತಯಾರಾಗುವುದು ಸೋಜಿಗವೇ ಸರಿ. ಗೋದಾವರಿ ವರ್ಗದ ಯುದ್ಧನೌಕೆಗಳಿಂದ ಮೊದಲುಗೊಂಡು ಇಂದಿನವರೆಗೆ ನೌಕಾಪಡೆಯ ಹಲವು ಹಡಗುಗಳ ಹೊಟ್ಟೆಯಡಿ ಇರುವ ಸೋನಾರು ಬಿಇಎಲ್‌ನದು. ಜಲಾಂತರ್ಗಾಮಿಗಳಿಗಾಗಿ ಬಂದ ‘ಉಷಸ್’ ಎಂಬ ಸೋನಾರ್ ಗುಚ್ಛದಲ್ಲಿ ಹುಡುಕುವ ಕಿವಿಯ ಜೊತೆಗೆ ನೀರೊಳಗೆ ಮಾತನಾಡುವ ಟೆಲಿಫೋನೂ ಸೇರಿದೆ. ಎರಡಕ್ಕೂ ಬೇಕಾದ ವಿದ್ಯೆ ಒಂದೇ. ಹುಡುಕುವವನು ತನ್ನ ಕೂಗಿನ ಪ್ರತಿಧ್ವನಿಯನ್ನು ಆಲಿಸುತ್ತಾನೆ, ಮಾತನಾಡುವವನು ಇನ್ನೊಬ್ಬನ ಕೂಗನ್ನು.

ನಮ್ಮ ಕರಾವಳಿಯೇ ಈ ವಿದ್ಯೆಗೆ ಒಳ್ಳೆಯ ಪರೀಕ್ಷೆಯ ಕೋಣೆ. ಕಾರವಾರದ ಪಕ್ಕ 2005ರಲ್ಲಿ ಶುರುವಾದ ಕದಂಬ ನೌಕಾನೆಲೆಯ ಮುಂದಿರುವ ಕಡಲನ್ನೇ ನೋಡಿ. ಬೇಸಿಗೆಯಲ್ಲಿ ಮೇಲಿನ ನೀರು ಕಾದಿರುತ್ತದೆ. ಮುಂಗಾರು ಹಿಡಿದ ಮೇಲೆ ಗಾಳಿಯ ನೂಕಿಗೆ ಆಳದ ತಣ್ಣೀರು ದಂಡೆಯ ಹತ್ತಿರ ಮೇಲೇಳುತ್ತದೆ. ಆ ತಣ್ಣೀರು ಹೊತ್ತು ತರುವ ಸತ್ವದಿಂದಲೇ ಬೂತಾಯಿ, ಬಂಗುಡೆಗಳ ಸುಗ್ಗಿ. ಮೀನುಗಾರರಿಗೆ ವರವಾದ ಅದೇ ಪದರ ಸದ್ದಿನವರಿಗೆ ತಲೆನೋವು. ಫೆಬ್ರುವರಿಯಲ್ಲಿ ಹಾಕಿದ ಲೆಕ್ಕ ಆಗಸ್ಟ್‌ನಲ್ಲಿ ತಲೆಕೆಳಗಾಗುತ್ತದೆ. ಜೊತೆಗೆ ಬಿಸಿನೀರಿನ, ಆಳವಿಲ್ಲದ ಕಡಲಲ್ಲಿ ಒಂದು ಜಾತಿಯ ಸಣ್ಣ ಸಿಗಡಿಗಳು ಕೊಂಬನ್ನು ಚಿಟುಕಿಸಿ ಮಾಡುವ ಸದ್ದು. ಲಕ್ಷಾಂತರ ಸಿಗಡಿಗಳು ಒಟ್ಟಿಗೆ ಚಿಟುಕಿಸಿದರೆ ನೀರಿಗೆ ಇಳಿಬಿಟ್ಟ ಮೈಕಿಗೆ ಕೇಳುವುದು ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ. ತಣ್ಣನೆಯ ಕಡಲಿಗೆಂದು ಮಾಡಿದ ವಿದೇಶಿ ಉಪಕರಣ ಇಲ್ಲಿ ಬಂದು ಮುಗ್ಗರಿಸಿದರೆ ಆಶ್ಚರ್ಯವಿಲ್ಲ.

ಕೂಗುವುದಲ್ಲ, ಹಂಚುವುದು

ಹಾಗಾದರೆ ನಂಬಬಹುದಾದ ಸಂಪರ್ಕ ಕಟ್ಟುವುದು ಹೇಗೆ? ಜೋರಾಗಿ ಕೂಗುವುದರಿಂದ ಉಪಯೋಗವಿಲ್ಲ. ಗೋಳಗುಮ್ಮಟದಲ್ಲಿ ಜೋರಾಗಿ ಕೂಗಿದಷ್ಟೂ ಪ್ರತಿಧ್ವನಿಯೂ ಜೋರು.

ಮೊದಲು ಮಾತನ್ನೇ ಬಿಟ್ಟು ಅಕ್ಷರಗಳಿಗೆ ಇಳಿದರು. ಸಂದೇಶವನ್ನು ಸೊನ್ನೆ, ಒಂದುಗಳಾಗಿ ಮಾಡಿ, ಒಂದೊಂದಕ್ಕೆ ಒಂದೊಂದು ಶ್ರುತಿ ಕೊಟ್ಟು ಕಳಿಸುವುದು. ಒಂದು ಶ್ರುತಿ ನುಡಿದ ಮೇಲೆ ಅದರ ಪ್ರತಿಧ್ವನಿ ಅಡಗುವವರೆಗೆ ತಡೆದು ಮುಂದಿನದು ನುಡಿಸುವುದು. ನಿಧಾನ, ಆದರೆ ಗಟ್ಟಿ. ಆಮೇಲೆ ಒಂದೇ ಸಂದೇಶವನ್ನು ಹತ್ತಾರು ಶ್ರುತಿಗಳಿಗೆ ಹಂಚುವ ಉಪಾಯ ಬಂತು. ಕಡಲು ಕೆಲವನ್ನು ನುಂಗಿದರೂ ಉಳಿದವು ಮುಟ್ಟುತ್ತವೆ. ಅದರ ಮೇಲೆ ಲೆಕ್ಕಾಚಾರದ ಅಕ್ಷರಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ನಡುವೆ ಒಂದೆರಡು ಅಕ್ಷರ ಕಳೆದುಹೋದರೂ, ಮಗ್ಗಿ ಬಲ್ಲವನು ಅಳಿಸಿದ ಅಂಕಿಯನ್ನು ತುಂಬಿಕೊಳ್ಳುವಂತೆ, ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಹಡಗಿನಲ್ಲಿ ಮೈಕನ್ನು ಎಲ್ಲಿ ಇಡುವುದು ಎಂಬುದೂ ಮುಖ್ಯ. ಪಂಕದ ಗದ್ದಲದಿಂದ, ನೊರೆಯಿಂದ ಕೆಳಗೆ ಇಳಿಬಿಡದಿದ್ದರೆ ಎಂಥ ಗಣಿತವೂ ನೆರವಿಗೆ ಬಾರದು.

ಕಥೆಯಲ್ಲಿ ಒಂದು ತಿರುವಿದೆ. ಸೋನಾರ್ ಮಾಡಿ, ಬೆಂಗಳೂರಿನಲ್ಲಿ ಬಿಇಎಲ್‌ನ ಕೇಂದ್ರೀಯ ಸಂಶೋಧನಾಲಯ ಕಟ್ಟಿ, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದ ಪೌಲ್‌ರಾಜ್, 1990ರ ದಶಕದ ಆರಂಭದಲ್ಲಿ ರೇಡಿಯೋಗೆ ಹೊಸ ಉಪಾಯ ಸೂಚಿಸಿದರು. ಕಟ್ಟಡಗಳಿಗೆ ಬಡಿದು ಹಲವು ದಾರಿಯಲ್ಲಿ ಬರುವ ಅಲೆಗಳು ಕಾಟವೆಂದು ಯಾಕೆ ತಿಳಿಯಬೇಕು, ಹಲವು ಆಂಟೆನಾ ಇಟ್ಟು ಒಂದೊಂದು ದಾರಿಯಲ್ಲೂ ಬೇರೆ ಬೇರೆ ಸುದ್ದಿ ಕಳಿಸಿದರೆ ಆಯಿತಲ್ಲ ಎಂದು. ಇಂದಿನ ಮೊಬೈಲು, ವೈಫೈಗಳೆಲ್ಲ ಈ ಉಪಾಯದ ಮೇಲೆ ನಿಂತಿವೆ. ಈಗ ಕಡಲಿನ ಎಂಜಿನಿಯರುಗಳು ಅದೇ ವಿದ್ಯೆಯನ್ನು ನೀರೊಳಗೆ ಪ್ರಯೋಗಿಸುತ್ತಿದ್ದಾರೆ. ಸೋನಾರಿನವರು ಊರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತಿರುಗಿ ಬಂದಂತೆ.

ಇನ್ನೊಂದು ತೊಡಕು ಭಾಷೆಯದು. ಒಂದೊಂದು ಕಂಪೆನಿಯ ಯಂತ್ರ ಒಂದೊಂದು ಸಂಕೇತದಲ್ಲಿ ಮಾತನಾಡಿದರೆ ಅಪಾಯದಲ್ಲಿರುವ ನೌಕೆಯ ಕೂಗು ಪಕ್ಕದ ಹಡಗಿಗೆ ಅರ್ಥವಾಗದು. ಇದಕ್ಕಾಗಿ ನೇಟೋ ದೇಶಗಳು 2017ರಲ್ಲಿ ‘ಜಾನಸ್’ ಎಂಬ ಸಮಾನ ಸಂಕೇತವನ್ನು ಒಪ್ಪಿಕೊಂಡವು. ಅದರ ವೇಗ ಬಹಳ ಕಡಿಮೆ. ಬೇಕಿರುವುದು ವೇಗವಲ್ಲ, ಎಲ್ಲರಿಗೂ ತಿಳಿಯುವುದು.

ಯಂತ್ರ ಒಂದು ಕಡೆಯಾದರೆ ಕಟ್ಟು ಇನ್ನೊಂದು ಕಡೆ. 2023ರ ಜೂನ್ 18ರಂದು ಟೈಟಾನಿಕ್ ಅವಶೇಷ ನೋಡಲು ಇಳಿದ ‘ಟೈಟನ್’ ನೌಕೆಯಲ್ಲಿ ಐವರಿದ್ದರು. ಮೇಲಿನ ಹಡಗಿನೊಂದಿಗೆ ಅದರ ಸಂಪರ್ಕ ಸದ್ದಿನ ಮೂಲಕ ಹೋಗುವ ಪುಟ್ಟ ಪುಟ್ಟ ಬರಹದ ಸಂದೇಶಗಳಲ್ಲಿ. ಒಂದೂವರೆ ಗಂಟೆಯ ಮೇಲೆ, ಎರಡು ಭಾರ ಕಳಚಿದ್ದೇವೆ ಎಂಬ ಸಂದೇಶ ಬಂತು. ಆಮೇಲೆ ಮೌನ. ಆದರೆ ಆ ನೌಕೆಯ ಸಂಪರ್ಕ ಹಿಂದಿನ ಮುಳುಗುಗಳಲ್ಲೂ ಕಡಿದಿತ್ತು, ನೌಕೆ ಮೇಲೆ ಬಂದೂ ಇತ್ತು. ಹಾಗಾಗಿ ಮೌನ ಅಭ್ಯಾಸವಾಗಿಬಿಟ್ಟಿತ್ತು. ಕರಾವಳಿ ಪಡೆಗೆ ಸುದ್ದಿ ಮುಟ್ಟಿದ್ದು ಹಲವು ಗಂಟೆಗಳ ನಂತರ. ನೌಕೆ ಆ ಕ್ಷಣದಲ್ಲೇ ಒಡೆದಿದ್ದರಿಂದ ಬೇಗ ಹೇಳಿದ್ದರೂ ಯಾರೂ ಉಳಿಯುತ್ತಿರಲಿಲ್ಲ. ಬೇರೆ ಬಗೆಯ ಅಪಾಯವಾಗಿದ್ದರೆ ಆ ಗಂಟೆಗಳೇ ಜೀವ ತೆಗೆಯುತ್ತಿದ್ದವು.

ನಮ್ಮ ನೌಕಾಪಡೆಯೂ ಈ ಲೆಕ್ಕವನ್ನು ಹಾಕಿದೆ. ಸಿಕ್ಕಿಬಿದ್ದ ಜಲಾಂತರ್ಗಾಮಿಯಿಂದ ಜನರನ್ನು ತೆಗೆಯುವ, 650 ಮೀಟರ್ ಆಳಕ್ಕೆ ಇಳಿಯಬಲ್ಲ ಎರಡು ರಕ್ಷಣಾ ನೌಕೆಗಳನ್ನು ತರಿಸಿಕೊಂಡಿತು. ಮೊದಲನೆಯದು ಮುಂಬೈಯಲ್ಲಿ 2018ರಲ್ಲಿ ಸೇವೆಗೆ ಬಂತು. ಅವುಗಳಿಗೆ ತಾಯಿಹಡಗಾಗಿ ವಿಶಾಖಪಟ್ಟಣದಲ್ಲಿ ಕಟ್ಟಿದ ‘ಐಎನ್‌ಎಸ್ ನಿಸ್ತಾರ್’ 2025ರ ಜುಲೈ 18ರಂದು ಸೇರಿತು. ರಕ್ಷಿಸಲು ಹೋದವರೂ ಕೆಳಗಿನವರೊಂದಿಗೆ ಮಾತನಾಡಬೇಕಾದ್ದು ಸದ್ದಿನಲ್ಲೇ.

ಇನ್ನು ಮತ್ಸ್ಯ. 2025ರ ಆಗಸ್ಟ್‌ನಲ್ಲಿ ಚೆನ್ನೈ ಸಂಸ್ಥೆಯ ತಂಡದ ಇಬ್ಬರು ಅಟ್ಲಾಂಟಿಕ್‌ನಲ್ಲಿ ಫ್ರಾನ್ಸಿನ ‘ನೊಟೀಲ್’ ನೌಕೆಯೊಳಗೆ ಕುಳಿತು ಒಬ್ಬರು 4,025 ಮೀಟರ್, ಇನ್ನೊಬ್ಬರು 5,002 ಮೀಟರ್ ಆಳಕ್ಕೆ ಇಳಿದು ಬಂದರು. ಆಳದಲ್ಲಿ ಕೆಲಸ ನಡೆಸುವ ಬಗೆಯನ್ನು ಕಣ್ಣಾರೆ ಕಂಡು ಕಲಿಯಲಿಕ್ಕೆಂದೇ ಅವರು ಹೋದದ್ದು. ಮತ್ಸ್ಯದ ಮನುಷ್ಯರು ಕೂರುವ ಗೋಳ ಟೈಟಾನಿಯಂ ಮಿಶ್ರಲೋಹದ್ದು, ಎರಡು ಮೀಟರಿಗಿಂತ ಸ್ವಲ್ಪ ಅಗಲ, ಎಂಟು ಸೆಂಟಿಮೀಟರ್ ದಪ್ಪ. ಮಾಮೂಲು ಕೆಲಸ ಹನ್ನೆರಡು ಗಂಟೆ, ಅಪಾಯವಾದರೆ 96 ಗಂಟೆ ಒಳಗೆ ಉಸಿರಾಡುವ ಏರ್ಪಾಡು. ಆರು ಸಾವಿರ ಮೀಟರಿನಿಂದ ಹೊರಟ ಒಂದು ಮಾತು ಮೇಲೆ ಬರಲು ನಾಲ್ಕು ಸೆಕೆಂಡು, ಉತ್ತರ ಕೆಳಗೆ ಮುಟ್ಟಲು ಮತ್ತೆ ನಾಲ್ಕು. ಎಂಟಾದ ಮೇಲೂ ಉತ್ತರ ಬಾರದಿದ್ದರೆ ಎಷ್ಟು ಸಲ ಕರೆಯುವುದು, ಎಷ್ಟು ನಿಮಿಷ ಕಾಯುವುದು, ಯಾವಾಗ ಭಾರ ಕಳಚಿ ಮೇಲೇಳುವುದು ಎಂಬುದನ್ನು ಆ ಮೂವರೂ ಮೇಲಿನ ಹಡಗಿನವರೂ ನೀರಿಗಿಳಿಯುವ ಮೊದಲೇ ಕಾಗದದ ಮೇಲೆ ಬರೆದುಕೊಂಡಿರಬೇಕು.